ಡಾ. ಲ್ಯಾಂಗ್ಡನ್ ಡೌನ್: ವಿಶೇಷ ಮಕ್ಕಳ ವೈದ್ಯ

ಇಂಗ್ಲೆಂಡಿನಲ್ಲಿ 1828ರಲ್ಲಿ ಜನಿಸಿದ ಜಾನ್ ಲ್ಯಾಂಗ್ಡನ್ ಡೌನ್ ಅವರು, ಬುದ್ಧಿಮಾಂದ್ಯರೆಂದು ಸಮಾಜವು ದೂರವಿಟ್ಟವರ ಆರೈಕೆಗಾಗಿ 1858ರಲ್ಲಿ ಅರ್ಲ್ಸ್‌ವುಡ್ ಸಂಸ್ಥೆಯನ್ನು ಸೇರಿದರು. ಇಂದು ಅವರದೇ ಹೆಸರು ಹೊತ್ತಿರುವ ಸ್ಥಿತಿಯನ್ನು 1866ರಲ್ಲಿ ವಿವರಿಸಿದರು. ಮುಖಲಕ್ಷಣವನ್ನು ಜನಾಂಗಕ್ಕೆ ಗಂಟುಹಾಕಿದ್ದು ಅವರ ತಪ್ಪು. ಆದರೆ ಒಂದೊಂದು ಸಾಮರ್ಥ್ಯವನ್ನೂ ಬೇರೆಬೇರೆಯಾಗಿ ಅಳೆದುದು ಅವರ ಹಿರಿಮೆ. ಈ ಮಕ್ಕಳು ಅನುಕರಣೆಯಲ್ಲಿ, ಹಾಸ್ಯಪ್ರಜ್ಞೆಯಲ್ಲಿ ಚುರುಕು. ಅಂಗಚಲನೆಯ ಹೊಂದಾಣಿಕೆಯಲ್ಲಿ ಹಿಂದೆ. ನಾಲಗೆಯ ಅಭ್ಯಾಸದಿಂದ ಅವರ ಮಾತು ಬಹಳ ಸುಧಾರಿಸಬಲ್ಲದು ಎಂದು ಕಂಡುಕೊಂಡರು. 1868ರಲ್ಲಿ ಪತ್ನಿ ಮೇರಿಯೊಡನೆ ನಾರ್ಮನ್ಸ್‌ಫೀಲ್ಡ್ ಸಂಸ್ಥೆಯನ್ನು ತೆರೆದು, ಅಲ್ಲಿ ರಂಗಮಂದಿರವನ್ನೂ ಕಟ್ಟಿಸಿದರು. 1896ರಲ್ಲಿ ನಿಧನರಾದರು. 1905ರಲ್ಲಿ ಅವರ ಮೊಮ್ಮಗನೊಬ್ಬ ಅದೇ ಸ್ಥಿತಿಯಲ್ಲಿ ಜನಿಸಿದನು. ಹೆಚ್ಚುವರಿಯಾದ 21ನೆಯ ವರ್ಣತಂತುವೇ ಇದಕ್ಕೆ ಕಾರಣವೆಂದು ಪ್ಯಾರಿಸಿನ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದರು. ಗೋಪಾಳದ ನಮ್ಮ ಮನೆಗಳಲ್ಲಿ ಇಂಥ ಮಗು ಹುಟ್ಟಿದಾಗ, ಅದಕ್ಕೆ ಬಾರದುದನ್ನು ಎಣಿಸುವ ಮುನ್ನ ಬರುವುದನ್ನು ಗುರುತಿಸೋಣ.