ಬಿದಿರು ಕಡ್ಡಿಗೆ ಮರುಜೀವ ಕೊಟ್ಟ ಕಮಲಾದೇವಿ

ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಬಾಲವಿಧವೆಯಾಗಿದ್ದು, ಸಂಪ್ರದಾಯವನ್ನು ಮೀರಿ ಕವಿ ಹರೀಂದ್ರನಾಥರನ್ನು ವಿವಾಹವಾದದ್ದು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ್ದು ಹಲವರಿಗೆ ತಿಳಿದ ಸಂಗತಿ. ಸ್ವಾತಂತ್ರ್ಯಾನಂತರ ಅವರು ಅಧಿಕಾರ ರಾಜಕಾರಣವನ್ನು ಬಿಟ್ಟು ಕುಶಲಕರ್ಮಿಗಳ ಅಂಗಳಕ್ಕೆ ನಡೆದದ್ದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಮಗ್ಗವನ್ನೇ ನಂಬಿ ಬೆಳೆದ ಬೆಟಗೇರಿಯಂಥ ಊರುಗಳಿರುವ ನಾಡಿನಲ್ಲಿ ಇದೊಂದು ವಿಪರ್ಯಾಸ.

1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವವನ್ನು ಅವರು ವಹಿಸಿಕೊಂಡಾಗ, ಆಂಧ್ರದ ಕಾಳಹಸ್ತಿಯ ಕಲಂಕಾರಿ ಅಳಿವಿನ ಅಂಚಿನಲ್ಲಿತ್ತು. ಗಿರಣಿಯ ಅಚ್ಚಿನ ಬಟ್ಟೆ ಅಗ್ಗವಾಗಿತ್ತು. ದೇವಾಲಯಗಳ ಆಶ್ರಯ ಸೊರಗಿತ್ತು. ಈ ಕಲೆಯಾದರೋ ಅವಸರವನ್ನು ಸಹಿಸುವಂಥದ್ದಲ್ಲ. ಹತ್ತಿಯ ಬಟ್ಟೆಯನ್ನು ಅಳಲೆಕಾಯಿಯ ರಸ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ಕಬ್ಬಿಣದ ಚೂರು, ಬೆಲ್ಲಗಳನ್ನು ನೀರಿನಲ್ಲಿ ವಾರಗಟ್ಟಲೆ ಕೊಳೆಸಿದ ದ್ರವವು ಅಳಲೆಯ ಒಗರಿನೊಡನೆ ಸೇರಿದಾಗ ಕಪ್ಪಾಗುತ್ತದೆ. ತುದಿಗೆ ಬಟ್ಟೆ ಸುತ್ತಿದ ಬಿದಿರು ಕಡ್ಡಿಯೇ ಲೇಖನಿ. ಕೆಂಪಿಗೆ ಪಟಿಕ ಮತ್ತು ಬೇರಿನ ಬಣ್ಣ. ನಡುನಡುವೆ ಸ್ವರ್ಣಮುಖಿಯ ಹರಿಯುವ ನೀರಿನಲ್ಲಿ ತೊಳೆತ. ಒಂದು ಹಂತ ತಪ್ಪಿದರೆ ಚಿತ್ರವೇ ಕೆಟ್ಟಂತೆ.

ಇಂಥ ವಿದ್ಯೆಯನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಉಳಿಸಲಾರದು ಎಂಬುದನ್ನು ಕಮಲಾದೇವಿ ಅರಿತಿದ್ದರು. 1950ರ ದಶಕದ ಕೊನೆಯಲ್ಲಿ ಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ಆರಂಭವಾಯಿತು. ಕಲೆಯನ್ನು ಬಲ್ಲ ಜೊನ್ನಲಗಡ್ಡ ಲಕ್ಷ್ಮಯ್ಯನವರೇ ಗುರುಗಳಾದರು. ಮಂಡಳಿಯ ನೀತಿಯಿಂದಾಗಿ ದೇವರ ಮುಂದಿನ ಪರದೆ ಪಟ್ಟಣದ ದಿವಾನಖಾನೆಯ ಅಲಂಕಾರವಾಯಿತೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕೊಳ್ಳುವವರಿಲ್ಲದೆ ಕಲಾವಿದನು ಉಪವಾಸವಿರಬೇಕೆನ್ನುವ ಶುದ್ಧತೆಗಿಂತ ಕಮಲಾದೇವಿಯವರ ದಾರಿಯೇ ಮಾನವೀಯವಾದುದು.

ಜಪಾನ್ 1950ರಲ್ಲಿ ಸಾಂಸ್ಕೃತಿಕ ಆಸ್ತಿ ರಕ್ಷಣೆಯ ಕಾಯಿದೆ ಮಾಡಿತು. 1955ರಲ್ಲಿ, ಅಕ್ಕಿಯ ಅಂಟಿನಿಂದ ಗೆರೆ ಕಟ್ಟಿ ರೇಷ್ಮೆಗೆ ಕೈಯಿಂದ ಬಣ್ಣ ತುಂಬುವ ಯೂಝೆನ್ ಕಲಾವಿದರನ್ನು ರಾಷ್ಟ್ರದ ಜೀವಂತ ನಿಧಿಗಳೆಂದು ಗೌರವಿಸಿತು. ನಮ್ಮಲ್ಲಿ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1965ರಲ್ಲಿ, ಕಮಲಾದೇವಿಯವರ ಪ್ರಯತ್ನದ ಫಲವಾಗಿ. ಅಷ್ಟಾದರೂ ಗದಗ–ಬೆಟಗೇರಿಯ ಪೇಟೆಯಲ್ಲಿ ಸೀರೆ ಕೊಳ್ಳುವ ನಾವು ಊರಿನ ಹೆಸರು ವಿಚಾರಿಸುತ್ತೇವೆಯೇ ಹೊರತು ನೇಯ್ದವರ ಹೆಸರನ್ನಲ್ಲ.

ಕಮಲಾದೇವಿ 1988ರಲ್ಲಿ ನಿಧನರಾದರು. ಇಪ್ಪತ್ತು ವರ್ಷಗಳ ತರುವಾಯ, 2008ರಲ್ಲಿ, ಲಕ್ಷ್ಮಯ್ಯನವರ ಪುತ್ರ ಗುರಪ್ಪ ಶೆಟ್ಟಿಯವರಿಗೆ ಪದ್ಮಶ್ರೀ ದೊರೆಯಿತು.