ಶಿಸ್ತಿನ ಅರಸು ಲಿಂಗರಾಜ

ಕೊಡಗಿನಲ್ಲಿ ಗದ್ದೆ ಬಾಣೆಗಳ ತಕರಾರು ಹುಟ್ಟಿದಾಗಲೆಲ್ಲ ಕೇಳಿಬರುವ ಹೆಸರೊಂದುಂಟು: ಲಿಂಗರಾಜನ ಶಿಸ್ತು. ಶಿಸ್ತು ಎಂದರೆ ಇಲ್ಲಿ ನಡತೆಯ ಕಟ್ಟುಪಾಡಲ್ಲ. ಗದ್ದೆಗೆ ಕಂದಾಯ ಕಟ್ಟಿ, ಯಾವ ನೆಲ ಯಾವ ಮನೆತನಕ್ಕೆ ಸೇರಿದ್ದೆಂದು ಊರೂರಿಗೂ ಬರೆದಿರಿಸಿದ ಲೆಕ್ಕ. ಇದನ್ನು ೧೮೧೨ರಲ್ಲಿ ಮಾಡಿಸಿದವನು ಹಾಲೇರಿ ವಂಶದ ಇಮ್ಮಡಿ ಲಿಂಗರಾಜೇಂದ್ರ ಒಡೆಯ. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನೂ ಕೋಟೆಯೊಳಗಿನ ಅರಮನೆಯನ್ನೂ ಕಂಡವರು ಅವನನ್ನು ಕಟ್ಟಡಗಳಿಂದ ಬಲ್ಲರು. ಐತಿಹ್ಯ ಕೇಳಿದವರು ಕ್ರೌರ್ಯದಿಂದ ಬಲ್ಲರು. ಆದರೆ ಅವನು ಬಿಟ್ಟುಹೋದವುಗಳಲ್ಲಿ ಹೆಚ್ಚು ದಿನ ಜನರ ಬಾಳನ್ನು ಆಳಿದ್ದು ಆ ಲೆಕ್ಕದ ಕಡತವೇ.

ಅವನ ಬಾಲ್ಯ ಸುಖದಲ್ಲಿ ಕಳೆಯಲಿಲ್ಲ. ತಂದೆ ಮೊದಲನೆಯ ಲಿಂಗರಾಜ ೧೭೮೦ರಲ್ಲಿ ತೀರಿಕೊಂಡಾಗ, ಎಳೆಯರಿಗೆ ತಾನೇ ಪೋಷಕನೆಂದು ಹೈದರಾಲಿ ಮುಂದೆ ಬಂದ. ಆ ಪೋಷಣೆಯ ಅರ್ಥ ಸೆರೆವಾಸವೆಂಬುದು ಬೇಗನೆ ತಿಳಿಯಿತು. ರಾಜಕುಮಾರರನ್ನು ಗೊರೂರಿನಲ್ಲಿಯೂ, ಬಳಿಕ ಟಿಪ್ಪುವಿನ ಕಾಲದಲ್ಲಿ ಪಿರಿಯಾಪಟ್ಟಣದಲ್ಲಿಯೂ ಇರಿಸಲಾಯಿತು. ೧೭೮೮ರ ಡಿಸೆಂಬರಿನಲ್ಲಿ ಅಣ್ಣ ದೊಡ್ಡ ವೀರರಾಜೇಂದ್ರ ಅಲ್ಲಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದ. ತಮ್ಮಂದಿರೂ ಅವನೊಡನೆ ಬಂದರು. ಆಮೇಲಿನ ಇಪ್ಪತ್ತು ವರ್ಷ ಅಣ್ಣನದೇ ಕಥೆ. ೧೭೯೦ರಲ್ಲಿ ಕಂಪನಿಯೊಡನೆ ಒಪ್ಪಂದ, ಟಿಪ್ಪುವಿನೊಡನೆ ಕಾದಾಟ, ನಾಲ್ಕುನಾಡಿನ ಅರಮನೆ, ವೀರರಾಜಪೇಟೆ ಎಲ್ಲವೂ ಅವನವು. ತಮ್ಮನ ಹೆಸರು ಅಲ್ಲೆಲ್ಲ ನೆರಳಿನಲ್ಲಿದೆ.

ವೀರರಾಜೇಂದ್ರನಿಗೆ ಗಂಡು ಸಂತಾನವಿರಲಿಲ್ಲ. ಮಗಳು ದೇವಮ್ಮಾಜಿಯೇ ತನ್ನ ತರುವಾಯ ಪಟ್ಟಕ್ಕೆ ಬರಬೇಕೆಂದು ಅವನು ಕಂಪನಿ ಸರಕಾರದ ಒಪ್ಪಿಗೆಯನ್ನೂ ಕೇಳಿಕೊಂಡಿದ್ದ. ೧೮೦೯ರ ಜೂನ್‌ನಲ್ಲಿ ಅವನು ತೀರಿಕೊಂಡಾಗ ಆ ಮಗು ಇನ್ನೂ ಬಾಲೆ. ಚಿಕ್ಕಪ್ಪನಾದ ಲಿಂಗರಾಜ ಮೊದಲು ಆಡಳಿತ ನೋಡಿಕೊಳ್ಳುವವನಾಗಿ ಬಂದ. ಪಕ್ಕದಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಸರಿಸಿದ. ನಾಡಿನ ಪ್ರಮುಖರು ತನ್ನನ್ನೇ ಬಯಸುತ್ತಾರೆಂದು ಇಂಗ್ಲಿಷರಿಗೆ ತಿಳಿಸಿದ. ೧೮೧೧ರಲ್ಲಿ ತಾನೇ ಅರಸನೆಂದು ಸಾರಿಕೊಂಡ. ಕಂಪನಿಯವರು ಸುಮ್ಮನಿದ್ದರು. ತಂದೆ ಬರೆದುಕೊಟ್ಟ ಹಕ್ಕು ಒಂದು ಹೆಣ್ಣುಮಗುವಿನ ಕೈಯಲ್ಲಿ ಎಷ್ಟು ಬಾಳೀತು ಎಂಬುದು ಎರಡೇ ವರ್ಷದಲ್ಲಿ ಇತ್ಯರ್ಥವಾಯಿತು.

ಹೀಗೆ ಅಣ್ಣನ ಮಗಳ ಪಾಲನ್ನು ಕಸಿದುಕೊಂಡವನು ಮರುವರ್ಷವೇ ನಾಡಿನ ಪ್ರತಿಯೊಂದು ಮನೆತನದ ಪಾಲನ್ನೂ ಬರಹದಲ್ಲಿ ಕಟ್ಟಿಟ್ಟನೆಂಬುದು ಚರಿತ್ರೆಯ ವಿಚಿತ್ರ. ಕಾರಣ ಊಹಿಸಲು ಕಷ್ಟವಿಲ್ಲ. ಹಕ್ಕಿಲ್ಲದೆ ಪಟ್ಟವೇರಿದವನಿಗೆ ಉಳಿದವರ ಹಕ್ಕು ಎಲ್ಲಿಂದ ಬಂದಿತೆಂಬುದನ್ನು ಗೊತ್ತುಮಾಡುವ ಅಧಿಕಾರ ಬೇಕಾಗಿತ್ತು. ಆ ಹಕ್ಕುಗಳೆಲ್ಲ ಅರಮನೆಯ ಲೇಖನಿಯಿಂದ ಇಳಿದು ಬರಬೇಕಾಗಿತ್ತು. ಅಧಿಕಾರಿಗಳಿಗೆ ಅವನು ಹೊರಡಿಸಿದ ಹುಕುಂನಾಮೆಯಲ್ಲಿಯೂ ಇದೇ ಬಿಗಿ. ಪಾರುಪತ್ತಿಗಾರನಿಂದ ಹಿಡಿದು ಶ್ಯಾನುಭೋಗನವರೆಗೆ ಎಲ್ಲರೂ ಆ ಬಿಗಿಯೊಳಗೆ ನಡೆಯಬೇಕಾಯಿತು.

ಶಿಸ್ತಿನ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಗದ್ದೆಯ ಅಳತೆ ಬಟ್ಟಿಯಲ್ಲಿ. ನೂರು ಬಟ್ಟಿ ಭತ್ತ ಬೆಳೆಯುವ ನೆಲ ನೂರು ಬಟ್ಟಿಯ ಗದ್ದೆ. ವಿಸ್ತಾರಕ್ಕಿಂತ ಇಳುವರಿಯೇ ಮಾನ. ರೂಪಾಯಿಯ ಲೆಕ್ಕಕ್ಕೆ ತಂದಾಗ ನೂರು ಬಟ್ಟಿಗೆ ಸಾಗು ಹಿಡುವಳಿಯವನ ಕಂದಾಯ ೧೦ ರೂಪಾಯಿ, ಜಮ್ಮದವನದು ೫. ಜಮ್ಮವೆಂದರೆ ಜನ್ಮ, ಹುಟ್ಟಿನಿಂದ ಬಂದ ಹಕ್ಕು. ಇಂಥವರಲ್ಲಿ ಕೊಡವರೇ ಹೆಚ್ಚು. ಗೌಡರೇ ಮೊದಲಾದ ಇತರರೂ ಇದ್ದರು. ಕಡಮೆಯಾದ ಆ ಐದು ರೂಪಾಯಿಗೆ ಬದಲಾಗಿ ಅವರು ಕರೆ ಬಂದೊಡನೆ ಆಯುಧ ಹಿಡಿದು ಬರಬೇಕು, ಚೌಕಿ ಕಾಯಬೇಕು, ಅರಸನ ಬೇಟೆಗೆ ಕಾಡು ಸೋವಬೇಕು. ಜಮ್ಮದ ನೆಲ ಒಬ್ಬನ ಸೊತ್ತಲ್ಲ, ಒಂದೇ ಮೂಲಪುರುಷನಿಂದ ಬಂದ ಇಡೀ ಒಕ್ಕದ್ದು. ಅದನ್ನು ಮಾರುವಂತಿಲ್ಲ, ಒಡೆಯುವಂತಿಲ್ಲ. ಯಜಮಾನಿಕೆ ಬದಲಾದಾಗ ಅರಮನೆಗೆ ಕಾಣಿಕೆ ಸಲ್ಲಬೇಕು. ಹುಟ್ಟಿನಿಂದ ಬಂದುದೆಂಬ ಹಕ್ಕಿಗೂ ತಲೆಮಾರಿಗೊಮ್ಮೆ ಅರಸನ ಮುದ್ರೆ ಬೀಳಬೇಕಾಗಿತ್ತೆಂದಾಯಿತು.

ಜಮ್ಮವೆಂಬ ಇದೇ ಮಾತು ಮನುಷ್ಯರಿಗೂ ಸಲ್ಲುತ್ತಿತ್ತು. ನೆಲಕ್ಕೆ ಅಂಟಿಕೊಂಡ ಜೀತದಾಳುಗಳನ್ನು ಭೂಮಿಜಮ್ಮದವರೆಂದೂ, ಮನೆಯೊಡೆಯನ ಸ್ವಂತ ಸೊತ್ತಾದವರನ್ನು ಒಕ್ಕಲುಜಮ್ಮದವರೆಂದೂ ಕರೆಯುತ್ತಿದ್ದರು. ಕೆಸರಿನಲ್ಲಿ ನಿಂತು ಆ ನೂರು ಬಟ್ಟಿ ಬೆಳೆದವರು ಬಹುಮಟ್ಟಿಗೆ ಇವರೇ. ಕೊಡಗಿನ ಭೂಮಿಯ ಹಕ್ಕನ್ನು ಹೊಗಳಿ ಬರೆಯುವವರು ಈ ಪುಟವನ್ನು ಮಗುಚಿಬಿಡುವುದು ಸರಿಯಲ್ಲ.

ಇನ್ನು ಬಾಣೆ. ಗದ್ದೆಗೆ ತಾಗಿದ ಕಾಡುಗುಡ್ಡವೇ ಬಾಣೆ. ದನ ಮೇಯಿಸಲು, ಸೊಪ್ಪು ಸೌದೆ ತರಲು, ಮನೆಗೂ ನೇಗಿಲಿಗೂ ಬೇಕಾದ ಮರ ಕಡಿಯಲು ಗದ್ದೆಯವನಿಗೆ ಕಂದಾಯವಿಲ್ಲದೆ ಸಿಕ್ಕಿದ ನೆಲ ಅದು. ಶಿಸ್ತಿನಲ್ಲಿ ಇದನ್ನು ಅಳೆಯಲಿಲ್ಲ. ಕಲ್ಲು, ಹೊಳೆ, ಕಡಂಗಗಳನ್ನು ಹೆಸರಿಸಿ ಚಕ್ಕುಬಂದಿ ಮಾತ್ರ ಬರೆದರು. ಅದರ ಮರವನ್ನು ಮಾರುವ ಹಕ್ಕು ಗದ್ದೆಯವನಿಗಿರಲಿಲ್ಲ. ಶ್ರೀಗಂಧ ಅರಸನದು; ಏಲಕ್ಕಿಯೂ ಅರಮನೆಯ ಏಕಸ್ವಾಮ್ಯ. ನೆಲ ಒಬ್ಬನದು, ಅದರ ಮೇಲಿನ ಬೆಲೆಯುಳ್ಳ ವಸ್ತು ಇನ್ನೊಬ್ಬನದು.

ಈ ಬಗೆಯ ಇಬ್ಭಾಗ ಕೊಡಗಿಗೇ ವಿಶೇಷವಲ್ಲ. ಮಧ್ಯಯುಗದ ಯುರೋಪಿನಲ್ಲಿ ಇದೇ ಪ್ರಶ್ನೆ ನೆಲದ ಕೆಳಗಿನ ಲೋಹವನ್ನು ಕುರಿತು ಎದ್ದಿತ್ತು. ೧೧೫೮ರಲ್ಲಿ ಇಟಲಿಯ ರೊಂಕಾಲ್ಯಾ ಬಯಲಿನಲ್ಲಿ ಸಭೆ ಸೇರಿಸಿದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ, ರಾಜಸ್ವತ್ತುಗಳ ಪಟ್ಟಿಯಲ್ಲಿ ಬೆಳ್ಳಿಯ ಗಣಿಗಳನ್ನೂ ಸೇರಿಸಿದ. ಮೇಲೆ ಉಳುವವನು ಯಾರೇ ಆಗಿರಲಿ, ಒಳಗಿನ ಬೆಳ್ಳಿ ಪ್ರಭುವಿನದು. ೧೩೦೦ರ ಸುಮಾರಿಗೆ ಬೊಹೆಮಿಯದ ದೊರೆ ಎರಡನೆಯ ವೆನ್ಸೆಸ್ಲಾಸ್ ಕುಟ್ನಾಹೋರದ ಗಣಿಗಳಿಗಾಗಿ ಒಂದು ಪೂರ್ಣ ಶಾಸನಗ್ರಂಥವನ್ನೇ ಬರೆಯಿಸಿದ. ಅಲ್ಲಿನ ದೊರೆಗಳಿಗೆ ಗಣಿಗಾರನ ಕೌಶಲ ಅನಿವಾರ್ಯವಾಗಿದ್ದುದರಿಂದ ಅವನಿಗೆ ಕೆಲವು ಸ್ವಾತಂತ್ರ್ಯಗಳು ದೊರೆತವು. ಲಿಂಗರಾಜನಿಗೆ ಅನಿವಾರ್ಯವಾಗಿದ್ದುದು ಕೋವಿ ಹಿಡಿದ ಒಕ್ಕಲಿಗ. ರಿಯಾಯಿತಿ ಅವನಿಗೆ ದೊರೆಯಿತು. ಗದ್ದೆಯ ಆಳಿಗೆ ಏನೂ ದೊರೆಯಲಿಲ್ಲ.

ಆ ಒಂಬತ್ತು ವರ್ಷಗಳ ಆಳ್ವಿಕೆಯ ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಇಟ್ಟಿಗೆ ಗಾರೆಗಳ ಹೊಸ ಅರಮನೆ ೧೮೧೪ರಲ್ಲಿ ಮುಗಿಯಿತು. ೧೮೧೫ರಿಂದ ೧೮೧೭ರವರೆಗೆ ಲೆಫ್ಟಿನೆಂಟ್ ಕಾನರ್ ನಾಡನ್ನು ಸರ್ವೇ ಮಾಡಿ ವರದಿ ಬರೆದ. ಬಂದ ಇಂಗ್ಲಿಷರಿಗೆ ಅರಸ ಬೇಟೆ, ಔತಣಗಳ ಉಪಚಾರ ಮಾಡುತ್ತಿದ್ದ. ತನ್ನ ಜನರೊಡನೆ ಅವನು ಹೇಗಿದ್ದನೆಂಬುದನ್ನು ೧೮೫೫ರಲ್ಲಿ ಕೊಡಗಿನ ವೃತ್ತಾಂತ ಪ್ರಕಟಿಸಿದ ಮೋಗ್ಲಿಂಗ್ ಕಟುವಾಗಿಯೇ ಬರೆದಿದ್ದಾನೆ. ಮಿಷನರಿಯ ಕಣ್ಣು ಅದೆಂದು ಸ್ವಲ್ಪ ಕಳೆದರೂ ಉಳಿಯುವ ರಕ್ತ ಕಡಮೆಯೇನಲ್ಲ. ನಿರಪರಾಧಿಯಾದ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿ, ಅವನ ಪ್ರೇತಬಾಧೆ ತಾಳಲಾರದೆ ಕಾಶಿಯಿಂದ ಲಿಂಗ ತರಿಸಿ ಓಂಕಾರೇಶ್ವರನನ್ನು ಸ್ಥಾಪಿಸಿದನೆಂದು ಐತಿಹ್ಯ. ದೇವಾಲಯ ಮುಗಿದದ್ದು ೧೮೨೦ರಲ್ಲಿ. ಅರಸ ತೀರಿಕೊಂಡದ್ದೂ ಅದೇ ವರ್ಷ. ಮಡಿಕೇರಿಯ ಗದ್ದಿಗೆಯಲ್ಲಿ ಅಣ್ಣನ ಸಮಾಧಿಯ ಪಕ್ಕದಲ್ಲಿಯೇ ಮಗ ಚಿಕ್ಕವೀರರಾಜೇಂದ್ರ ಅವನಿಗೂ ಸಮಾಧಿ ಕಟ್ಟಿಸಿದ.

೧೮೩೪ರಲ್ಲಿ ಕಂಪನಿ ಆ ಮಗನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿತು. ವಂಶದ ಆಳ್ವಿಕೆ ಮುಗಿಯಿತು, ಶಿಸ್ತು ಮುಗಿಯಲಿಲ್ಲ. ಹೊಸ ಆಡಳಿತವೂ ಜಮ್ಮದ ಅರ್ಧ ಕಂದಾಯವನ್ನು ಉಳಿಸಿಕೊಂಡಿತು. ೧೮೫೪ರಲ್ಲಿ ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ದನ ಮೇಯುವ ಗುಡ್ಡಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿತು. ಅಳೆಯದೆ ಬಿಟ್ಟ ಬಾಣೆಯ ಎಲ್ಲೆ ಆಗ ವ್ಯಾಜ್ಯದ ವಸ್ತುವಾಯಿತು. ೧೮೯೯ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಬಂದಾಗಲೂ, ೧೯೬೪ರ ಭೂಕಂದಾಯ ಕಾಯಿದೆಯಲ್ಲಿ ರಾಜ್ಯವೆಲ್ಲಕ್ಕೂ ಒಂದೇ ನಿಯಮವಾದಾಗಲೂ, ಜಮ್ಮ ಬಾಣೆಗಳನ್ನು ಹೆಸರಿಸಿಯೇ ಮುಂದೆ ಹೋಗಬೇಕಾಯಿತು. ಮರದ ಬೆಲೆಯನ್ನು ಸರಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಗಳಲ್ಲಿ, ಇಪ್ಪತ್ತನೆಯ ಶತಮಾನದುದ್ದಕ್ಕೂ ಕೆಳಗಿನ ಕಾಫಿ ಒಕ್ಕದ್ದಾಗಿಯೂ ಅದಕ್ಕೆ ನೆರಳು ಕೊಡುವ ಕಾಡುಮರ ಸರಕಾರದ್ದಾಗಿಯೂ ಉಳಿದವು.