ಮಾರಸಿಂಹನ ಅಂತ್ಯವ್ರತ

ಗಂಗವಂಶದ ಇಮ್ಮಡಿ ಮಾರಸಿಂಹನು ಕ್ರಿ. ಶ. 963ರಲ್ಲಿ ಪಟ್ಟವನ್ನೇರಿದನು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೆ ಬಲಗೈಯಾಗಿ ಅನೇಕ ಯುದ್ಧಗಳನ್ನು ಗೆದ್ದನು; ನೊಳಂಬರನ್ನು ಮುರಿದು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಈತನ ಮಂತ್ರಿ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಸಿಂಹಾಸನವನ್ನು ಕಿತ್ತುಕೊಂಡಾಗ, ಸೋದರಳಿಯ ನಾಲ್ವಡಿ ಇಂದ್ರನನ್ನು ಪಟ್ಟಕ್ಕೆ ತರಲು ಹೆಣಗಿದನು. ಆ ಯತ್ನವು ನಿಲ್ಲಲಿಲ್ಲ.

ಅನಂತರ ಆತನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವ್ರತವನ್ನಾಚರಿಸಿ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಸಾರುತ್ತದೆ. ಇದು ಸೋತವನ ಹತಾಶೆಯೆಂದು ಎಣಿಸುವುದು ಸುಲಭ. ಆದರೆ ಬಸದಿಗಳನ್ನೂ ಮಾನಸ್ತಂಭಗಳನ್ನೂ ಕಟ್ಟಿಸಿದ ಈ ಜೈನನಿಗೆ ಆ ವ್ರತವು ಒಂದು ದಿನದ ದುಃಖದಿಂದ ಹುಟ್ಟಿದುದಲ್ಲ. ಬಾಳಿನುದ್ದಕ್ಕೂ ಕಣ್ಣೆದುರಿಗಿದ್ದ ಗುರಿಯೇ ಅದಾಗಿತ್ತು.

ವಸ್ತಾರೆಯ ಸೀಮೆಯವರು ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಹಳೆಯ ಬಸದಿಗಳನ್ನು ಕಂಡಿರುವರು; ಅವರಿಗೆ ಈ ಭಾವವು ಅನ್ಯವಲ್ಲ. ನಾವು ಆ ವ್ರತವನ್ನು ಹಿಡಿಯಬೇಕಾದುದಿಲ್ಲ. ಆದರೆ ಪದವಿಯು ಕೈಬಿಡುವ ದಿನವೊಂದುಂಟೆಂಬುದನ್ನು ಪದವಿಯಲ್ಲಿರುವಾಗಲೇ ನೆನೆದರೆ, ಇಂದು ಬರೆಯುವ ಆಜ್ಞೆಯೂ ಆಡುವ ಮಾತೂ ನೇರವಾಗುವುವು. ಕತ್ತಿಯನ್ನು ಹಿಡಿಯಲು ಬಲ್ಲವರು ಅನೇಕರು. ಅದನ್ನು ಕೆಳಗಿಡಲು ಬಲ್ಲವರು ವಿರಳ.